ವಚನ ಬಾಯಿಪಾಠವಿದೆ, ಓದಲು ಬರುತ್ತದೆಯೆ?

(ಯಲ್ಲಾಪುರ ತಾಲ್ಲೂಕಿನ ಚಂದಗುಳಿಯಲ್ಲಿ ಪಾಲಕರ ಮುಂದೆ ಆಡಿದ ಮಾತು)

ಈಗ ತಾನೆ ಮಕ್ಕಳು ವಚನ ಹೇಳಿದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ, ನಾನೂ ತಟ್ಟಿದೆ. ಆದರೆ ಇಂಥ ಚಪ್ಪಾಳೆಯಲ್ಲಿ ನಾನೊಮ್ಮೆ ಮೋಸ ಹೋಗಿದ್ದೇನೆ. ಅದನ್ನು ಹೇಳಲೆಂದೇ ನಿಂತಿದ್ದೇನೆ.

ಒಂದು ಕಾರ್ಯಕ್ರಮದಲ್ಲಿ ಮೂರನೆಯ ಇಯತ್ತೆಯ ಹುಡುಗಿಯೊಬ್ಬಳು ಆರು ವಚನಗಳನ್ನು ಒಂದಕ್ಷರ ತಪ್ಪದೆ ಹೇಳಿದಳು. ಬಹುಮಾನವಾಗಿ ವಚನದ ಪುಸ್ತಕವನ್ನೇ ಕೊಟ್ಟೆವು. ಆಮೇಲೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳು ಹೇಳಿದ್ದ ವಚನದ ಪುಟವನ್ನೇ ತೆರೆದು, ನಡುಸಾಲಿನ ಒಂದು ಪದದ ಮೇಲೆ ಬೆರಳಿಟ್ಟು "ಇದೇನವ್ವ?" ಎಂದೆ. ಮಗು ಮೊದಲ ಸಾಲಿನಿಂದ ಗುನುಗುತ್ತ ಬಂತು, ಆ ಪದವನ್ನು ದಾಟಿ ಮುಂದೆ ಹೋಯಿತು. ನನ್ನ ಬೆರಳು ಇದ್ದಲ್ಲೇ ಇತ್ತು. ಹಿಂದಿನ ವರ್ಷವೂ ಅವಳಿಗೆ ಬಹುಮಾನ ಕೊಟ್ಟವರು ನಾವೇ. ಅವಳ ನೆನಪು ಅಷ್ಟು ಚೆನ್ನಾಗಿದ್ದುದರಿಂದ ಓದು ಬಾರದೆಂಬುದು ಯಾರಿಗೂ ತಿಳಿದಿರಲಿಲ್ಲ.

ಬಾಯಿಪಾಠ ಬೇಡವೆಂದು ಹೇಳುತ್ತಿಲ್ಲ. ಆದರೆ ವಚನಗಳು ನಮ್ಮ ಕೈಗೆ ಬಂದದ್ದು ಯಾರೋ ಬರೆದಿಟ್ಟಿದ್ದರಿಂದ. ಕಲ್ಯಾಣ ಕ್ರಾಂತಿಯ ನಂತರ ಶರಣರು ಚೆನ್ನಬಸವಣ್ಣನವರೊಡನೆ ವಚನದ ಕಟ್ಟುಗಳನ್ನು ಹೊತ್ತು ನಮ್ಮದೇ ಜಿಲ್ಲೆಯ ಉಳವಿಯ ಕಾಡು ಸೇರಿದರೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಫ.ಗು. ಹಳಕಟ್ಟಿಯವರು ಓಲೆಗರಿಗಳನ್ನು ಹುಡುಕಿ ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಅಚ್ಚು ಹಾಕಿಸಿದರು. ಕೇಳಿ ಹೇಳುವುದಷ್ಟೇ ಸಾಕಿದ್ದರೆ ಇಷ್ಟು ಕಷ್ಟವೇಕೆ ಪಡಬೇಕಿತ್ತು?

ಓದು ಕಲಿಯುವುದು ಮಕ್ಕಳಿಗೆ ಸುಲಭವಲ್ಲ, ಅದನ್ನು ನಾವು ಮರೆತಿದ್ದೇವೆ. ನಲವತ್ತೊಂಬತ್ತು ಅಕ್ಷರ, ಮೇಲೆ ಕಾಗುಣಿತ, ಕೆಳಗೆ ಒತ್ತು. 'ಪ'ಕ್ಕೂ 'ಷ'ಕ್ಕೂ ಹೊಟ್ಟೆಯೊಳಗಿನ ಒಂದು ಗೆರೆಯ ವ್ಯತ್ಯಾಸ. 'ಧರ್ಮ' ಎಂದು ಬರೆದು ನೋಡಿ: ಕಿವಿಗೆ 'ರ' ಮೊದಲು, ಕಣ್ಣಿಗೆ 'ಮ' ಮೊದಲು. ಇಲ್ಲಿ ತಡವರಿಸಿದ ಮಗುವನ್ನು ದಡ್ಡನೆನ್ನಬೇಡಿ.

"ಎರಡು ತಿಂಗಳಾಯಿತು, ಶಾಲೆಯಲ್ಲಿ ಇನ್ನೂ ಅ ಆ ಇ ಈ ಹೇಳಿಕೊಟ್ಟಿಲ್ಲ" ಎಂದು ತಾಯಂದಿರು ದೂರುತ್ತಾರೆ. ಸರ್ಕಾರಿ ಶಾಲೆಗಳ ನಲಿ-ಕಲಿ 1995ರ ಸುಮಾರಿಗೆ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು. ಅದರಲ್ಲಿ 'ರ ಗ ಸ ದ ಅ' ಮೊದಲು ಬರುತ್ತವೆ. ಬರೆಯಲು ಸುಲಭವಾದ ಅಕ್ಷರಗಳು. ಈ ಐದರಲ್ಲೇ ಸರ, ಅರಸ, ಅಗಸ, ಗರಗಸ ಆಗುತ್ತವೆ. ಮಗು ಮೊದಲ ವಾರಗಳಲ್ಲೇ ಅರ್ಥವುಳ್ಳ ಪದ ಓದುತ್ತದೆ. ಮನೆಯಲ್ಲಿ ಅದನ್ನು ಕೆಡಿಸಿ ವರ್ಣಮಾಲೆ ಒಪ್ಪಿಸೆಂದು ಕೂರಿಸಬೇಡಿ.

ಇನ್ನೊಂದು ಮಾತು. ಈ ಭಾಗದ ಮನೆಗಳಲ್ಲಿ ಹವ್ಯಕರ ಕನ್ನಡವಿದೆ, ಕೊಂಕಣಿಯಿದೆ, ಮರಾಠಿಯಿದೆ, ಸಿದ್ದಿ ಬಂಧುಗಳ ಮಾತಿದೆ. ಪುಸ್ತಕದ ಕನ್ನಡ ಅನೇಕ ಮಕ್ಕಳಿಗೆ ಹೊಸದು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮಾದಾರ ಧೂಳಯ್ಯ ಇವರೆಲ್ಲ ಜನ ಆಡುವ ನುಡಿಯನ್ನೇ ವಚನ ಮಾಡಿದವರು. ಅವರನ್ನು ನೆನೆಯುವ ನಾವು ಮಗುವಿನ ಮನೆಮಾತು ಕೇಳಿ ನಗುವುದೆ? ಅದು ಬರೆಯುವ ಮೊದಲ ಪದ ಅದರ ಮನೆಯದೇ ಆಗಲಿ.

"ನಮಗೇ ಓದು ಬರುವುದಿಲ್ಲ, ಏನು ಕಲಿಸುವುದು?" ಎಂದು ಒಬ್ಬ ತಾಯಿ ಕೇಳಿದರು. ನೀವು ಕಲಿಸುವುದೇ ಬೇಡ ತಾಯಿ. ಸಂತೆಗೆ ಹೊರಟಾಗ ಏನೇನು ತರಬೇಕೋ ನೀವು ಹೇಳಿ, ಮಗು ಚೀಟಿ ಬರೆಯಲಿ. 'ಉಪ್ಪು' ಬರೆಯುವಾಗ ಒತ್ತು ಬಿಟ್ಟರೆ ಬಿಡಲಿ. ಅಂಗಡಿಯಲ್ಲಿ ಅದೇ ಚೀಟಿಯನ್ನು ಓದಿಸಿ. ಬಸ್ಸು ಬಂದರೆ ಬೋರ್ಡಿನ ಮೇಲೆ ಏನಿದೆಯೆಂದು ಕೇಳಿ, ಮಗು ಹೇಳುವ ತನಕ ಕಾಯಿರಿ. ಆ ಹುಡುಗಿಗೆ ನಾವು ಮಾಡಿದ್ದು ಇಷ್ಟೇ, ಜೊತೆಗೆ ದಿನಕ್ಕೆ ಒಂದು ವಚನ, ಪದಪದಕ್ಕೂ ಬೆರಳು. ಬಾಯಿಗೆ ಗೊತ್ತಿದ್ದ ಪದವನ್ನು ಕಣ್ಣು ಗುರುತಿಸತೊಡಗಿತು. ಅವಳಿಗೆ ಮೊದಲು ಸಿಕ್ಕಿದ್ದು 'ಕೂಡಲಸಂಗಮದೇವ', ಪ್ರತಿ ಪುಟದ ಕೊನೆಯಲ್ಲೂ ಕಾಣುತ್ತಿತ್ತಲ್ಲ!

ಮಠದವರಲ್ಲಿ, ಸಂಘಟಕರಲ್ಲಿ ಒಂದು ಬಿನ್ನಹ. ಮುಂದಿನ ಬಸವ ಜಯಂತಿಗೆ ಕಂಠಪಾಠದ ಜೊತೆ ಓದಿನದೂ ಒಂದು ಸುತ್ತು ಇರಲಿ. ಮಗು ಚೀಟಿ ಎತ್ತಲಿ, ಹಿಂದೆ ನೋಡದ ಸಣ್ಣ ವಚನವನ್ನು ಓದಲಿ, ತನ್ನ ಮನೆಯ ಮಾತಿನಲ್ಲೇ ಅರ್ಥ ಹೇಳಲಿ. ವೇದಿಕೆಯ ಮೇಲಲ್ಲ, ಒಂದು ಮೂಲೆಯಲ್ಲಿ ಚಾಪೆ ಹಾಕಿ, ಒಬ್ಬ ಹಿರಿಯರೆದುರು. ತಪ್ಪಿದವರ ಹೆಸರು ಯಾರಿಗೂ ತಿಳಿಯುವುದು ಬೇಡ. ಆ ಹೆಸರುಗಳ ಪಟ್ಟಿ ನಮ್ಮಲ್ಲಿರಲಿ, ಮರುದಿನದಿಂದ ನಮ್ಮ ಕಾಯಕ ಅವರ ಮನೆಯಲ್ಲಿ.