ಶಾಲೆಯ ದಾರಿ

(ಕಲಿಕಾ ಕೇಂದ್ರದಲ್ಲಿ ಸೇರಿದ್ದ ತಾಯಂದಿರಿಗೆ ಒಬ್ಬ ಅಕ್ಕ ಹೇಳಿದ ಮಾತು)



ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಯಾಕೆ ಗೊತ್ತಾ? ಓದು ಹತ್ತಲಿಲ್ಲ ಅಂತ ಅಲ್ಲ. ಹೈಸ್ಕೂಲು ನಾಲ್ಕು ಕಿಲೋಮೀಟರ್ ದೂರ ಇತ್ತು. "ಹೆಣ್ಣು ಹುಡುಗಿ, ಒಬ್ಬಳೇ ಹೋಗೋದು ಬ್ಯಾಡ" ಅಂದಳು ನಮ್ಮವ್ವ. ಆ ನಾಲ್ಕು ಕಿಲೋಮೀಟರ್ ನನ್ನ ಓದನ್ನು ನುಂಗಿತು. ನಮ್ಮ ಮಕ್ಕಳಿಗೆ ಹಾಗಾಗಬಾರದು.

ಈಗ ಗಾಡಿಗಳು ಹೆಚ್ಚಾಗಿವೆ. ಒಂದೇ ಆಟೋದಲ್ಲಿ ಹತ್ತು ಹನ್ನೆರಡು ಮಕ್ಕಳನ್ನು ತುಂಬುತ್ತಾರೆ. ಕೆಲವರು ಹದಿನಾಲ್ಕು ವರ್ಷದ ಮಗನ ಕೈಗೆ ಬೈಕು ಕೊಡುತ್ತಾರೆ. ಇದು ಮಗನ ಜೀವಕ್ಕೂ ಅಪಾಯ, ಎದುರಿಗೆ ಬರುವವರಿಗೂ ಅಪಾಯ. 2019ರಲ್ಲಿ ಕಾನೂನು ಬಿಗಿಯಾಯಿತು. ಮಗ ಸಿಕ್ಕಿಬಿದ್ದರೆ ಹೆತ್ತವರಿಗೆ 25,000 ರೂಪಾಯಿ ದಂಡ. ಜೈಲೂ ಆಗಬಹುದು.

ಹಾಗಾದರೆ ಏನು ಮಾಡೋಣ?

ಶಾಲೆ ಹತ್ತಿರ ಇದ್ದರೆ ಮಕ್ಕಳು ನಡೆದೇ ಹೋಗಲಿ. ಆದರೆ ಒಬ್ಬೊಬ್ಬರೇ ಬೇಡ, ಗುಂಪಾಗಿ ಹೋಗಲಿ. ಇವತ್ತು ಒಬ್ಬ ತಾಯಿ ಜೊತೆಗೆ ಹೋಗಲಿ, ನಾಳೆ ಇನ್ನೊಬ್ಬಳು. ಸರದಿ ಮಾಡಿಕೊಂಡರೆ ಯಾರ ಕೂಲಿಯೂ ಕೆಡುವುದಿಲ್ಲ. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಬಲಗಡೆ ಅಂಚಿನಲ್ಲಿ ನಡೆಯಬೇಕು. ಆಗ ಎದುರಿಂದ ಬರುವ ಗಾಡಿ ಕಣ್ಣಿಗೆ ಕಾಣುತ್ತದೆ.

ದೂರ ಇದ್ದರೆ ಸೈಕಲ್ ಇದೆ. ಅದಕ್ಕೆ ಪೆಟ್ರೋಲ್ ಬೇಡ. ಹೊಗೆ ಇಲ್ಲ. ಬ್ರೇಕು, ಬೆಲ್ಲು, ಗಾಳಿ ನೋಡಿಕೊಂಡರೆ ಸಾಕು. "ಹೆಣ್ಣುಮಕ್ಕಳಿಗೆ ಸೈಕಲ್ಲಾ?" ಅಂತ ನಗುವವರು ಇದ್ದಾರೆ. ಅವರಿಗೆ ಪುದುಕ್ಕೋಟ್ಟೈ ಕಥೆ ಹೇಳಿ. ಅದು ತಮಿಳುನಾಡಿನ ಜಿಲ್ಲೆ. 1991ರ ಹೊತ್ತಿಗೆ ಅಲ್ಲೂ ನಮ್ಮ ಹಾಗೇ ಅಕ್ಷರ ಆಂದೋಲನ ನಡೆಯಿತು. ಹೆಂಗಸರು ಅಕ್ಷರದ ಜೊತೆ ಸೈಕಲ್ಲನ್ನೂ ಕಲಿತರು. ಒಬ್ಬರಲ್ಲ, ಇಬ್ಬರಲ್ಲ, ಸಾವಿರಾರು ಜನ! ನೀರಿನ ಕೊಡ, ಮಕ್ಕಳು, ಎಲ್ಲವನ್ನೂ ಸೈಕಲ್ ಮೇಲೇ ಒಯ್ದರು. ನಕ್ಕವರು ಸುಮ್ಮನಾದರು.

ಬಿಹಾರದಲ್ಲಿ 2006ರಲ್ಲಿ ಸರ್ಕಾರ ಒಂಬತ್ತನೇ ಕ್ಲಾಸಿನ ಹುಡುಗಿಯರಿಗೆ ಸೈಕಲ್ ಕೊಡಲು ಶುರು ಮಾಡಿತು. ಹೈಸ್ಕೂಲು ದೂರ ಇದ್ದ ಹಳ್ಳಿಗಳಿಂದಲೂ ಹೆಚ್ಚು ಹುಡುಗಿಯರು ಶಾಲೆಗೆ ಸೇರಿದರು. ದೂರ ಅಷ್ಟೇ ಇತ್ತು. ಭಯ ಕಡಿಮೆ ಆಯಿತು.

ಇನ್ನೂ ದೂರ ಇದ್ದರೆ ಸರ್ಕಾರಿ ಬಸ್ಸೇ ಮೇಲು. ನಮ್ಮ ರಾಜ್ಯದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೂ ಹುಡುಗಿಯರಿಗೂ ಟಿಕೆಟ್ ದುಡ್ಡಿಲ್ಲ. ಆದರೆ ಶಾಲೆ ಹೊತ್ತಿಗೆ ಬಸ್ಸೇ ಬರದಿದ್ದರೆ? ಆಗ ಡಿಪೋಗೆ ಅರ್ಜಿ ಬರೆಯಬೇಕು. ದಾರಿಯಲ್ಲಿ ದೀಪ ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಕೇಳಬೇಕು.

ಅರ್ಜಿ ಯಾರು ಬರೀತಾರೆ ಅಂತೀರಾ? ನೀವೇ! ಅಕ್ಷರ ಕಲಿತದ್ದು ಯಾತಕ್ಕೆ? ಇವತ್ತೇ ಕೂತು ಬರೆಯೋಣ. ಕೆಳಗೆ ಹೆಬ್ಬೆಟ್ಟು ಬೇಡ. ಎಲ್ಲರೂ ಸಹಿ ಹಾಕೋಣ.

ನಮ್ಮ ಮಕ್ಕಳ ಓದು ದಾರಿಯಲ್ಲಿ ನಿಲ್ಲಬಾರದು.