ಯಾರನ್ನು ಮೊದಲು ನೋಡಬೇಕು?



ನರ್ಸಿಂಗ್ ಓದುವ ಹೆಣ್ಣುಮಕ್ಕಳಿಗೆ ಪರೀಕ್ಷೆಯಲ್ಲಿ ಬರುವಂಥ ಒಂದು ಪ್ರಶ್ನೆಯನ್ನು ಇವತ್ತು ನಿಮಗೂ ಕೇಳ್ತೀನಿ. ವಾರ್ಡಿನಲ್ಲಿ ನಾಲ್ಕು ರೋಗಿಗಳು. ಒಬ್ಬರು ಕೈ ಮುರಿದು ಗಟ್ಟಿಯಾಗಿ ಕೂಗ್ತಿದ್ದಾರೆ. ಒಬ್ಬರಿಗೆ ಜ್ವರ. ಒಬ್ಬರಿಗೆ ಗಾಯದ ಬಟ್ಟೆ ಬದಲಿಸಬೇಕು. ಇನ್ನೊಬ್ಬರು ಸುಮ್ಮನೆ ಮಲಗಿದ್ದಾರೆ, ಆದರೆ ಉಸಿರು ಸರಿಯಾಗಿ ಆಡ್ತಿಲ್ಲ, ತುಟಿ ನೀಲಿಯಾಗಿದೆ. ಯಾರ ಹತ್ತಿರ ಮೊದಲು ಹೋಗ್ತೀರಿ?

ಕೂಗುವವರ ಹತ್ತಿರ ಓಡೋಣ ಅನ್ನಿಸುತ್ತೆ. ಸರಿಯಾದ ಉತ್ತರ, ಸುಮ್ಮನೆ ಮಲಗಿರುವವರು. ಮೊದಲು ಉಸಿರಿನ ದಾರಿ, ಆಮೇಲೆ ಉಸಿರಾಟ, ಆಮೇಲೆ ರಕ್ತ. ನರ್ಸುಗಳು ಕಲಿಯುವ ಕ್ರಮ ಇದು. ಕೂಗುವವರಿಗೆ ಕೂಗಲು ಉಸಿರಾದರೂ ಇದೆ.

ಈ ಪ್ರಶ್ನೆ ನಮ್ಮ ಸೀಮೆಗೇ ಒಂದು ದಿನ ಎದುರಾಯಿತು. 2018ರ ಡಿಸೆಂಬರ್ 14ರಂದು ಹನೂರು ತಾಲ್ಲೂಕಿನ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಕೀಟನಾಶಕ ಬೆರೆತ ಪ್ರಸಾದ ತಿಂದು ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. 17 ಜನ ತೀರಿಕೊಂಡರು. ಕಾಮಗೆರೆ, ಕೊಳ್ಳೇಗಾಲ, ಮೈಸೂರಿನ ಆಸ್ಪತ್ರೆಗಳಿಗೆ ಒಬ್ಬರ ಹಿಂದೆ ಒಬ್ಬರನ್ನು ಸಾಗಿಸಬೇಕಾಯಿತು. ಅಂಥ ಹೊತ್ತಿನಲ್ಲಿ ಯಾರು ಮೊದಲು ಎಂಬುದೇ ಪ್ರಾಣದ ಪ್ರಶ್ನೆ. ಆ ಜಾತಿಯ ಔಷಧಿ ಹೊಟ್ಟೆಗೆ ಹೋದರೆ ಬಾಯಲ್ಲಿ ಜೊಲ್ಲು ಸುರಿಯುತ್ತದೆ, ಬೆವರು ಬರುತ್ತದೆ, ಕಣ್ಣಿನ ಪಾಪೆ ಚುಕ್ಕಿಯಷ್ಟಾಗುತ್ತದೆ, ಎದೆಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಅದಕ್ಕೇ ಆಸ್ಪತ್ರೆಯಲ್ಲಿ ಆಕ್ಸಿಜನ್, ಅಟ್ರೋಪಿನ್ ಚುಚ್ಚುಮದ್ದು ಕೊಡುತ್ತಾರೆ. ಉಸಿರು ಸಾಲದವರಿಗೆ ವೆಂಟಿಲೇಟರ್ ಹಾಕುತ್ತಾರೆ.

ಹೊಲಕ್ಕೆ ಹೊಡೆಯುವ ಔಷಧಿ ನಮ್ಮೆಲ್ಲರ ಮನೆಯಲ್ಲೂ ಇರುತ್ತೆ. ಯಾರಾದರೂ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ವಾಂತಿ ಶ್ವಾಸಕೋಶಕ್ಕೆ ಹೋದರೆ ಇನ್ನೂ ಅಪಾಯ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಎಡಮಗ್ಗುಲಿಗೆ ಮಲಗಿಸಿ. ನಿಮ್ಮ ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು ಔಷಧಿ ತಾಗಿದ ಬಟ್ಟೆ ತೆಗೆದು, ಮೈಯನ್ನು ಸೋಪು ನೀರಿನಲ್ಲಿ ತೊಳೆಯಿರಿ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಔಷಧಿ ಡಬ್ಬಿಯನ್ನು ಜೊತೆಗೇ ಒಯ್ಯಿರಿ. ಯಾವ ಔಷಧಿ, ಎಷ್ಟು ಹೊತ್ತಾಯಿತು, ಮನೆಯಲ್ಲಿ ಏನು ಕೊಟ್ಟಿರಿ ಎಂಬುದನ್ನು ಮುಚ್ಚಿಡದೆ ನರ್ಸಿಗೆ ಹೇಳಿ. ಮಾನಕ್ಕಿಂತ ಪ್ರಾಣ ದೊಡ್ಡದು.

ಈಗ ಇನ್ನೊಂದು ಮಾತು. ಮನೆಯಲ್ಲಿ ಸುಮ್ಮನೆ ಮಲಗುವವರು ಯಾರು? ಬಹಳ ಸಲ ನಾವೇ. ಗಂಡನಿಗೆ ಜ್ವರ ಬಂದರೆ ಆಟೋ ಬರುತ್ತೆ, ನಮಗೆ ಬಂದರೆ "ನಾಳೆ ನೋಡೋಣ" ಅಂತೀವಿ. ಬಾಣಂತಿಗೆ ಒಂದು ಗಂಟೆಯೊಳಗೆ ಇಟ್ಟ ಬಟ್ಟೆ ಪೂರ್ತಿ ನೆನೆಯುವಷ್ಟು ರಕ್ತ ಹೋದರೆ, ಬಸುರಿಗೆ ತಲೆ ಸಿಡಿದು ಕಣ್ಣು ಮಂಜಾದರೆ, ಫಿಟ್ಸ್ ಬಂದರೆ, ನಾಳೆ ಅನ್ನುವ ಮಾತೇ ಇಲ್ಲ. ಅತ್ತೆಯೋ ಗಂಡನೋ ಒಪ್ಪಲಿ ಅಂತ ಕಾಯಬೇಡಿ.

ಮಲೆ ಮಹದೇಶ್ವರ ಬೆಟ್ಟದ ಕಾಡಂಚಿನ ಹಳ್ಳಿಗಳಿಗೆ ಗಾಡಿ ಬರುವುದು ತಡವಾಗಬಹುದು. ಆದ್ದರಿಂದ ಮುಂದಿನ ವಾರದ ಸಭೆಯಲ್ಲಿ ಮೂರು ವಿಷಯ ತೀರ್ಮಾನಿಸಿ, ನಡಾವಳಿ ಪುಸ್ತಕದಲ್ಲಿ ಬರೆಯಿರಿ. ರಾತ್ರಿ ಯಾರ ಗಾಡಿ ಸಿಗುತ್ತದೆ? ಉಳಿತಾಯದಿಂದ ತುರ್ತಿಗೆ ಎಷ್ಟು ಹಣ ಎತ್ತಿಡಬೇಕು? ಅದು ಯಾರ ಕೈಯಲ್ಲಿರಬೇಕು? ಸಹಿ, ಬಡ್ಡಿ ಎಲ್ಲ ಆಮೇಲೆ ನೋಡಿಕೊಳ್ಳಬಹುದು.

ಇವತ್ತು ಮನೆಗೆ ಹೋದ ಮೇಲೆ ಪಕ್ಕದ ಮನೆಯ ಬಾಣಂತಿಯನ್ನೋ ಒಂಟಿ ಅಜ್ಜಿಯನ್ನೋ ಒಮ್ಮೆ ಮಾತಾಡಿಸಿ ಬನ್ನಿ. ಕೂಗದವರನ್ನು ನಾವೇ ಹೋಗಿ ನೋಡಬೇಕು.