ನೋಟಿಸ್ ಬೋರ್ಡಿಗೆ ಬಾರದ ಸುತ್ತೋಲೆ

ಹಳ್ಳಿಯ ಸರಕಾರಿ ಪ್ರೌಢಶಾಲೆಯ ಮಕ್ಕಳಿಗೆ ಪುಸ್ತಕದಾಚೆ ಏನೂ ದಕ್ಕುವುದಿಲ್ಲ, ಅದೆಲ್ಲ ಬೆಂಗಳೂರಿನ ಮಕ್ಕಳ ಪಾಲು ಎಂಬ ಮಾತು ಕಲಬುರಗಿ ಜಿಲ್ಲೆಯ ಗಡಿ ಊರುಗಳಲ್ಲಿ ಮೇಲಿಂದ ಮೇಲೆ ಕೇಳಿಬರುತ್ತದೆ. ಆಳಂದ ತಾಲ್ಲೂಕಿನ ಖಜೂರಿಯನ್ನೇ ತೆಗೆದುಕೊಳ್ಳಿ. ಹೋಬಳಿ ಕೇಂದ್ರ, ಮಹಾರಾಷ್ಟ್ರದ ಉಮರ್ಗಾ ಕಡೆಗೆ ಹೋಗುವ ದಾರಿ, ಸಂತೆಯಲ್ಲಿ ಕನ್ನಡದ ಜೊತೆ ಮರಾಠಿಯೂ ಕಿವಿಗೆ ಬೀಳುವ ಜಾಗ. ಇಲ್ಲಿನ ಒಂಬತ್ತನೆಯ ತರಗತಿಯ ಹುಡುಗಿಗೆ ವಿಜ್ಞಾನ ಶಿಬಿರ, ನಾಟಕ, ಖೋಖೋ, ಭಾಷಣ ಸ್ಪರ್ಧೆ ಇವೆಲ್ಲ ಇವೆಯೇ ಎಂದು ಕೇಳಿದರೆ, ಇವೆ. ಅವು ಅವಳ ಕಿವಿಗೆ ಬೀಳುತ್ತವೆಯೇ ಎಂಬುದು ಬೇರೆ ಮಾತು.

ಬಹುತೇಕ ಅವಕಾಶಗಳು ಸುತ್ತೋಲೆಯ ರೂಪದಲ್ಲಿ ಬರುತ್ತವೆ. ಬೆಂಗಳೂರಿನಲ್ಲಿ ಹೊರಟದ್ದು ಕಲಬುರಗಿಯ ಉಪನಿರ್ದೇಶಕರ ಕಚೇರಿ ಮುಟ್ಟಿ, ಅಲ್ಲಿಂದ ಆಳಂದದ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಇಳಿದು, ಕೊನೆಗೆ ಮುಖ್ಯ ಗುರುಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಹಾಜರಾತಿಯ ಲೆಕ್ಕಗಳ ನಡುವೆ ಬಂದು ಬೀಳುತ್ತದೆ. ಗುರುಗಳು ಒಳ್ಳೆಯವರೇ. ಆದರೆ ಅದೇ ದಿನ ಇನ್ನೂ ಹತ್ತು ಸಂದೇಶಗಳಿಗೆ ಅವರು ಉತ್ತರಿಸಬೇಕು. ಮಗು ಹೋಗಿ ಕೇಳುವ ಹೊತ್ತಿಗೆ ಸಿಗುವ ಉತ್ತರವೂ ಹೆಚ್ಚುಕಡಿಮೆ ಒಂದೇ: 'ತಾರೀಖು ಮುಗದ್ ಹೋಯ್ತಲ್ಲೋ ತಮ್ಮಾ, ಬರೂ ವರ್ಷ ನೋಡೋಣು.'

ಬರುವ ವರ್ಷ ನೋಡಲು ಆಗದ ಅವಕಾಶವೊಂದಿದೆ. ಬಾಹ್ಯಾಕಾಶ ಸಂಸ್ಥೆ ಇಸ್ರೋ 2019ರಲ್ಲಿ ಶುರು ಮಾಡಿದ 'ಯುವಿಕಾ', ಅಂದರೆ ಯುವ ವಿಜ್ಞಾನಿ ಕಾರ್ಯಕ್ರಮ. ಬೇಸಿಗೆ ರಜೆಯಲ್ಲಿ ಸುಮಾರು ಎರಡು ವಾರ ಮಕ್ಕಳನ್ನು ಇಸ್ರೋ ಕೇಂದ್ರಗಳಲ್ಲಿ ಇಟ್ಟುಕೊಂಡು ಪಾಠ, ಪ್ರಯೋಗ, ವಿಜ್ಞಾನಿಗಳ ಜೊತೆ ಮಾತುಕತೆ ನಡೆಸುತ್ತಾರೆ. ಊಟ, ವಸತಿ, ಪ್ರಯಾಣದ ಖರ್ಚು ಸಂಸ್ಥೆಯದೇ. ಅರ್ಜಿ ಹಾಕುವ ವರ್ಷದ ಜನವರಿ 1ರಂದು ಮಗು ಒಂಬತ್ತನೆಯ ತರಗತಿಯಲ್ಲಿ ಓದುತ್ತಿರಬೇಕು. ಎಂಟರಲ್ಲಿದ್ದರೆ ಬೇಗ, ಹತ್ತಕ್ಕೆ ಹೋದರೆ ತಡ.

ಆಯ್ಕೆ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇತ್ತೀಚಿನ ವರ್ಷಗಳ ಪ್ರಕಟಣೆಯ ಪ್ರಕಾರ ನೂರರಲ್ಲಿ 50 ಅಂಕ ಎಂಟನೆಯ ತರಗತಿಯ ಫಲಿತಾಂಶಕ್ಕೆ, 10 ಆನ್‌ಲೈನ್ ರಸಪ್ರಶ್ನೆಗೆ. ಕಳೆದ ಮೂರು ವರ್ಷಗಳಲ್ಲಿ ವಿಜ್ಞಾನ ಮೇಳದಲ್ಲಿ ಭಾಗವಹಿಸಿದ್ದರೆ, ಅದು ಶಾಲೆಯ ಮಟ್ಟದ್ದಾದರೆ 2, ಜಿಲ್ಲೆಯದಾದರೆ 5, ರಾಜ್ಯ ಅಥವಾ ಅದಕ್ಕೂ ಮೇಲಿನದಾದರೆ 10. ವಿಜ್ಞಾನ ಸ್ಪರ್ಧೆ, ಒಲಿಂಪಿಯಾಡ್‌ಗಳಲ್ಲಿ ಮೊದಲ ಮೂರರೊಳಗೆ ಬಂದಿದ್ದರೆ ಗರಿಷ್ಠ 5, ಆಟೋಟದಲ್ಲಿ ಗೆದ್ದಿದ್ದರೆ ಗರಿಷ್ಠ 5. ಸ್ಕೌಟ್ಸ್–ಗೈಡ್ಸ್, ಎನ್‌ಸಿಸಿ ಅಥವಾ ಎನ್‌ಎಸ್‌ಎಸ್‌ನಲ್ಲಿದ್ದರೆ 5. ಇನ್ನುಳಿದ 15? ಅದು ಪಂಚಾಯಿತಿ ವ್ಯಾಪ್ತಿಯ ಶಾಲೆಯಲ್ಲಿ ಓದುತ್ತಿರುವುದಕ್ಕೆ.

ಅಂದರೆ ಖಜೂರಿಯ ಮಗು ಏನೂ ಮಾಡದೆ, ಖಜೂರಿಯ ಶಾಲೆಯಲ್ಲಿ ಕೂತಿರುವುದಕ್ಕೇ 15 ಅಂಕ ಪಡೆಯುತ್ತದೆ. ಬೆಂಗಳೂರಿನ ದುಬಾರಿ ಶಾಲೆಯ ಮಗು ಎಷ್ಟೇ ಶುಲ್ಕ ಕಟ್ಟಿದರೂ ಇದು ಸಿಗದು. ಈ ಒಂದು ಸಾಲನ್ನು ಪ್ರತಿ ಹಳ್ಳಿ ಶಾಲೆಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ್ದರೆ ಒಳ್ಳೆಯದಿತ್ತು. ಗೋಡೆಬರಹಕ್ಕೆಂದು ಇಷ್ಟೊಂದು ಸುಭಾಷಿತಗಳನ್ನು ಹುಡುಕುವ ಇಲಾಖೆಗೆ ಇದು ಕಷ್ಟವೇನಲ್ಲ.

ಇದೇ ಪಟ್ಟಿ ಇನ್ನೊಂದು ವಿಷಯವನ್ನೂ ತೋರಿಸುತ್ತದೆ. ಶಾಲೆಯ ಮೇಳದಲ್ಲಿ ಜ್ವಾಲಾಮುಖಿಯ ಮಾದರಿ ಇಟ್ಟು ಪಡೆದ, ಮನೆಯ ಟ್ರಂಕಿನ ತಳದಲ್ಲಿ ಬಿದ್ದಿರುವ ಪ್ರಮಾಣಪತ್ರಕ್ಕೂ ಇಲ್ಲಿ ಲೆಕ್ಕವಿದೆ. ಶಾಲೆಯವರು ಮೇಳ ಮಾಡುತ್ತಾರೆ, ಫೋಟೋ ತೆಗೆಯುತ್ತಾರೆ, ಪ್ರಮಾಣಪತ್ರ ಕೊಡುವುದನ್ನು ಮಾತ್ರ ಮರೆಯುತ್ತಾರೆ. ತಾರೀಖು, ಸಹಿ, ಮುದ್ರೆ ಇರುವ ಒಂದು ಹಾಳೆಯನ್ನು ಅಂದೇ ಕೇಳಿ ಪಡೆಯದಿದ್ದರೆ, ಒಂಬತ್ತನೆಯ ತರಗತಿಯ ಫೆಬ್ರುವರಿಯಲ್ಲಿ ಅರ್ಜಿ ತುಂಬುವಾಗ ಆ ಎರಡು ಅಂಕ ಕೈತಪ್ಪುತ್ತದೆ.

ಎರಡನೆಯದು 'ಇನ್‌ಸ್ಪೈರ್ ಮಾನಕ್'. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನದ ಜೊತೆ ಸೇರಿ ನಡೆಸುವ ಯೋಜನೆ. ಆರನೆಯ ತರಗತಿಯಿಂದ ಮೇಲಿನ ಮಕ್ಕಳು ತಮ್ಮ ಸುತ್ತಲಿನ ಒಂದು ತೊಂದರೆಗೆ ಹೊಸ ಉಪಾಯ ಬರೆದು ಕೊಡಬೇಕು. ಮುಖ್ಯ ಗುರುಗಳು ಅವುಗಳಲ್ಲಿ ಐದನ್ನು ಆರಿಸಿ ಆನ್‌ಲೈನಿನಲ್ಲಿ ಕಳಿಸಬೇಕು. ದೇಶದಾದ್ಯಂತ ಆಯ್ಕೆಯಾಗುವ ಒಂದು ಲಕ್ಷದವರೆಗಿನ ಉಪಾಯಗಳಿಗೆ ಮಾದರಿ ತಯಾರಿಸಲು ತಲಾ 10,000 ರೂಪಾಯಿ ನೇರ ಮಗುವಿನ ಬ್ಯಾಂಕ್ ಖಾತೆಗೆ ಬರುತ್ತದೆ. ಜಿಲ್ಲೆಯ ಪ್ರದರ್ಶನದಿಂದ ಸುಮಾರು 10,000 ಮಂದಿ ರಾಜ್ಯಕ್ಕೆ, ಅಲ್ಲಿಂದ 1,000 ಮಂದಿ ರಾಷ್ಟ್ರಮಟ್ಟಕ್ಕೆ, ಕೊನೆಗೆ 60 ಮಂದಿ.

ಉಪಾಯ ಎಲ್ಲಿಂದ ತರುವುದು? ಆಳಂದ, ಅಫಜಲಪುರ, ಜೇವರ್ಗಿಯ ಮಕ್ಕಳಿಗೆ ಅದು ಹೊಲದಲ್ಲೇ ಇದೆ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆ ತೊಗರಿ ಮೊಳಕಾಲೆತ್ತರ ದಾಟಿದ ಮೇಲೆ ಕುಡಿ ಚಿವುಟುತ್ತಾರೆ. ತುದಿ ಚಿವುಟಿದರೆ ಗಿಡ ಮೇಲಕ್ಕೆ ಓಡದೆ ಪಕ್ಕಕ್ಕೆ ಕವಲೊಡೆಯುತ್ತದೆ, ಕಾಯಿ ಹೆಚ್ಚುತ್ತದೆ. ಎಕರೆಗಟ್ಟಲೆ ಬಗ್ಗಿ ನಡೆಯುತ್ತ ಒಂದೊಂದೇ ಗಿಡದ ತುದಿ ಚಿವುಟುವ ಕೂಲಿ ಹೆಣ್ಣುಮಕ್ಕಳ ಸೊಂಟ ಸಂಜೆಗೆ ಏನಾಗಿರುತ್ತದೆ ಎಂಬುದನ್ನು ಆ ಮನೆಯ ಮಗಳು ಬಲ್ಲಳು. ಬ್ಯಾಟರಿಯಿಂದ ನಡೆಯುವ ಕುಡಿ ಕತ್ತರಿಸುವ ಯಂತ್ರಗಳು ಈಗಾಗಲೇ ಬಂದಿವೆ, ಆದ್ದರಿಂದ ಅದನ್ನೇ ಮತ್ತೆ ಬರೆದು ಕೊಟ್ಟರೆ ಆಯ್ಕೆಯಾಗುವುದು ಕಷ್ಟ. ಆದರೆ ಆ ಯಂತ್ರ ಯಾರ ಕೈಗೆ ಭಾರವಾಗುತ್ತದೆ, ಹದಿನೈದು ದಿನದ ಕೆಲಸಕ್ಕೆ ಸಣ್ಣ ಹಿಡುವಳಿಯವರು ಅದನ್ನು ಕೊಳ್ಳುತ್ತಾರೆಯೇ, ಉದ್ದನೆಯ ಹಿಡಿಕೆಯ ಸರಳ ಸಾಧನವೊಂದು ಸಾಕಾಗದೇ ಎಂದು ಅವಳು ಕೇಳಬಲ್ಲಳು. ಅಂತರಜಾಲದಿಂದ ಇಳಿಸಿದ 'ಸ್ಮಾರ್ಟ್ ಡಸ್ಟ್‌ಬಿನ್'ಗಿಂತ ಇದು ಎಷ್ಟೋ ವಾಸಿ. ಡಸ್ಟ್‌ಬಿನ್‌ಗಳು ಪ್ರತಿ ಜಿಲ್ಲೆಯಿಂದಲೂ ಬರುತ್ತವೆ.

ಒಂದು ಸಣ್ಣ ತೊಡಕು ಹೇಳಲೇಬೇಕು. ಹಣ ಬರಬೇಕಾದರೆ ಶಾಲೆಯ ದಾಖಲೆ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ರೀತಿ ಇರಬೇಕು. ಗಡಿ ಭಾಗದಲ್ಲಿ ಒಂದೇ ಹೆಸರು ಒಂದು ಕಡೆ ಕನ್ನಡದ ಉಚ್ಚಾರಣೆಯಲ್ಲಿ, ಇನ್ನೊಂದು ಕಡೆ ಮರಾಠಿಯ ರೂಢಿಯಲ್ಲಿ, ಅಪ್ಪನ ಹೆಸರು ಹಿಂದೊಮ್ಮೆ ಮುಂದೊಮ್ಮೆ ಆಗಿ ಸೇರಿರುತ್ತದೆ. ಇದನ್ನು ಎಂಟನೆಯ ತರಗತಿಯಲ್ಲೇ ಸರಿಪಡಿಸಿಕೊಂಡರೆ ರಾಷ್ಟ್ರೀಯ ಪ್ರತಿಭಾ ವಿದ್ಯಾರ್ಥಿವೇತನಕ್ಕೂ ಅನುಕೂಲ. ಎನ್‌ಎಂಎಂಎಸ್ ಎಂದು ಎಲ್ಲರೂ ಕರೆಯುವ ಆ ಪರೀಕ್ಷೆಯನ್ನು ಎಂಟರಲ್ಲಿ ಬರೆದು ಆಯ್ಕೆಯಾದರೆ, ವರ್ಷಕ್ಕೆ ಮೂರೂವರೆ ಲಕ್ಷ ರೂಪಾಯಿ ಮೀರದ ಆದಾಯದ ಕುಟುಂಬದ ಮಗುವಿಗೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಇದು ಪಠ್ಯೇತರ ಚಟುವಟಿಕೆಯಲ್ಲ ನಿಜ, ಆದರೆ ಆ ದುಡ್ಡು ಕೈಯಲ್ಲಿದ್ದರೆ ರವಿವಾರದ ಕೂಲಿ ತಪ್ಪಿ ಅಭ್ಯಾಸಕ್ಕೆ ಹೊತ್ತು ಸಿಗುತ್ತದೆ.

ಉಪಾಯಕ್ಕಿಂತ ತಾಳ್ಮೆ ಹೆಚ್ಚಿರುವ ಮಕ್ಕಳಿಗೆ ಹೇಳಿಮಾಡಿಸಿದ್ದು ಮಕ್ಕಳ ವಿಜ್ಞಾನ ಸಮಾವೇಶ. 1993ರಿಂದ ರಾಷ್ಟ್ರಮಟ್ಟದಲ್ಲಿ ನಡೆಯುತ್ತಿದೆ. ಕರ್ನಾಟಕದಲ್ಲಿ ಬಹುಕಾಲದಿಂದ ಇದನ್ನು ನಡೆಸಿಕೊಂಡು ಬಂದದ್ದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ಇಬ್ಬರು ಮಕ್ಕಳು, ಒಬ್ಬ ಮಾರ್ಗದರ್ಶಕರು, ಊರಿನದೇ ಒಂದು ಪ್ರಶ್ನೆ, ಕೆಲವು ತಿಂಗಳ ಅಧ್ಯಯನ. ಮಾದರಿ, ಥರ್ಮೋಕೋಲು, ಮಿಣುಕು ದೀಪಗಳಿಗೆ ಇಲ್ಲಿ ಬೆಲೆಯಿಲ್ಲ. ದಿನಚರಿಯ ಪುಸ್ತಕ, ಅಳತೆ, ಲೆಕ್ಕಕ್ಕೆ ಬೆಲೆ. ನಾಲ್ಕು ಹೊಲಗಳಲ್ಲಿ ನೆಟೆ ರೋಗಕ್ಕೆ ಒಣಗಿದ ತೊಗರಿ ಗಿಡಗಳನ್ನು ವಾರಕ್ಕೊಮ್ಮೆ ಎಣಿಸಿ, ಯಾವ ಹೊಲದಲ್ಲಿ ಹಿಂದಿನ ವರ್ಷ ಜೋಳ ಹಾಕಿದ್ದರು, ಯಾವುದರಲ್ಲಿ ತೊಗರಿಯ ಮೇಲೆ ತೊಗರಿಯನ್ನೇ ಬಿತ್ತಿದ್ದರು ಎಂದು ಹೋಲಿಸಿ ಬರೆದರೆ ಅದೇ ಒಂದು ಯೋಜನೆ. ಕನ್ನಡದಲ್ಲೇ ಮಂಡಿಸಬಹುದು. ಇಂಗ್ಲಿಷ್ ಬಾರದು ಎಂಬ ಅಂಜಿಕೆಗೆ ಇಲ್ಲಿ ಜಾಗವಿಲ್ಲ.

ಎಲ್ಲ ಮಕ್ಕಳಿಗೂ ವಿಜ್ಞಾನವೇ ಬೇಕೆಂದೇನಿಲ್ಲ. ಪ್ರತಿಭಾ ಕಾರಂಜಿಯನ್ನು ಕರ್ನಾಟಕದ ಯಾವ ಮಗುವಿಗೂ ಪರಿಚಯಿಸಬೇಕಾಗಿಲ್ಲ. ಕ್ಲಸ್ಟರ್ ಮಟ್ಟದ ಕಾರಂಜಿಯ ದಿನ ಶಾಮಿಯಾನದಡಿ ಒಬ್ಬಳು ಒನಕೆ ಓಬವ್ವ, ಇಬ್ಬರು ಅಕ್ಕಮಹಾದೇವಿ, ಮೂವರು ಸಂಗೊಳ್ಳಿ ರಾಯಣ್ಣ ಒಟ್ಟಿಗೆ ಉಪ್ಪಿಟ್ಟು ತಿನ್ನುತ್ತಿರುತ್ತಾರೆ. ಛದ್ಮವೇಷಕ್ಕೆ, ಜಾನಪದ ನೃತ್ಯಕ್ಕೆ ನೂಕುನುಗ್ಗಲು. ಆದರೆ ಪ್ರೌಢಶಾಲೆಯ ಪಟ್ಟಿಯಲ್ಲಿ ಗಜಲ್ ಇದೆ, ಕವ್ವಾಲಿ ಇದೆ, ಆಶುಭಾಷಣವಿದೆ, ಚರ್ಚಾಸ್ಪರ್ಧೆಯಿದೆ. ಕಲಬುರಗಿಯಲ್ಲಿ ಬಂದೇ ನವಾಜರ ದರ್ಗಾ, ಆಳಂದದಲ್ಲಿ ಲಾಡ್ಲೇ ಮಶಾಕರ ದರ್ಗಾ ಇರುವ ಈ ಸೀಮೆಯ ಮಕ್ಕಳ ಕಿವಿಯಲ್ಲಿ ಉರ್ದು ಹಾಡಿನ ಧಾಟಿ ಹುಟ್ಟಿನಿಂದಲೇ ಇರುತ್ತದೆ. ಜನ ಕಡಿಮೆ ಇರುವ ಸಾಲಿನಲ್ಲಿ ನಿಲ್ಲುವುದು ಜಾಣತನ. ಒಂಬತ್ತರಿಂದ ಪಿಯುಸಿವರೆಗಿನವರಿಗೆ 2015ರಿಂದ ಕೇಂದ್ರದ ಕಲಾ ಉತ್ಸವವೂ ಇದೆ. ಬಾಲಭವನದ 'ಕಲಾಶ್ರೀ' ಆಯ್ಕೆಯಲ್ಲಿ ಬರವಣಿಗೆ, ಚಿತ್ರ, ಪ್ರದರ್ಶನ ಕಲೆ, ವಿಜ್ಞಾನ ಎಲ್ಲಕ್ಕೂ ಜಾಗವಿದೆ, ಆದರೆ ಅದರ ಸುದ್ದಿ ಬರುವುದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಿಂದ. ಶಾಲೆಯ ಗುರುಗಳಿಗಿಂತ ಮೊದಲು ಅಂಗನವಾಡಿ ಮೇಲ್ವಿಚಾರಕಿಗೆ ಗೊತ್ತಾಗಿರುತ್ತದೆ. ಅವರನ್ನು ಕೇಳಬೇಕು ಎಂದು ಯಾರಿಗೂ ಹೊಳೆಯುವುದಿಲ್ಲ.

ಆಟದ ಮಾತಿಗೆ ಬಂದರೆ, 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆಯಿತು. ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿದ ಭಾರತದ ಮಹಿಳಾ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಎರಡು ಕಂಬ, ಒಂದು ಬಯಲು ಬಿಟ್ಟರೆ ಖೋಖೋಗೆ ಬೇರೇನೂ ಬೇಡ. ಶಾಲಾ ಕ್ರೀಡಾಕೂಟ ಹೋಬಳಿಯಿಂದ ಶುರುವಾಗುತ್ತದೆ, ಖಜೂರಿಯೇ ಹೋಬಳಿ. ಮೊದಲ ಮೆಟ್ಟಿಲಿಗೆ ಬಸ್ಸೂ ಹತ್ತಬೇಕಾಗಿಲ್ಲ.

ಮುಂದಿನ ಮೆಟ್ಟಿಲುಗಳಿಗೆ ಬಸ್ಸು ಬೇಕು. ಆಳಂದದಿಂದ ಕಲಬುರಗಿ ಸುಮಾರು 40 ಕಿಲೋಮೀಟರು. ದಾರಿಯಲ್ಲೇ ಕಡಗಂಚಿ, ಅಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ. ಕಲಬುರಗಿಯಲ್ಲಿ 1984ರಿಂದ ಜಿಲ್ಲಾ ವಿಜ್ಞಾನ ಕೇಂದ್ರವಿದೆ. ರಂಗಾಯಣವಿದೆ, ಬೇಸಿಗೆಯಲ್ಲಿ ಮಕ್ಕಳಿಗೆ ನಾಟಕದ ಶಿಬಿರ ನಡೆಸಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ರಾಜ್ಯದ ಗಡಿಯೊಳಗೆ ಸಾಮಾನ್ಯ ಬಸ್ಸಿನ ಟಿಕೆಟ್ ಖರ್ಚಿಲ್ಲ. ಮಗಳ ಜೊತೆ ಅವ್ವನೂ ದುಡ್ಡಿಲ್ಲದೆ ಹೋಗಬಹುದು. ಒಬ್ಬಳನ್ನೇ ಹೇಗೆ ಕಳಿಸುವುದು ಎಂಬ ಚಿಂತೆಗೆ ಇದು ಸಣ್ಣ ಪರಿಹಾರವಲ್ಲ. ಕಾರ್ಯಕ್ರಮ ಸಂಜೆ ಆರಕ್ಕೆ ಮುಗಿದರೆ ಊರಿಗೆ ಹಿಂತಿರುಗುವ ಬಸ್ಸು ಯಾವುದು ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ. ಜಿಲ್ಲಾ ಮಟ್ಟದ ಸ್ಪರ್ಧೆಗಳನ್ನು ಬೆಳಿಗ್ಗೆ ಹತ್ತಕ್ಕೆಂದು ಕರೆದು ಅತಿಥಿಗಳಿಗಾಗಿ ಹನ್ನೆರಡಕ್ಕೆ ಶುರು ಮಾಡುವವರು ಇದನ್ನು ಯೋಚಿಸಿದರೆ ಉಪಕಾರವಾದೀತು.

ಮೊಬೈಲು ಅಪ್ಪನ ಕಿಸೆಯಲ್ಲಿದ್ದು ಅಪ್ಪ ಹೊಲದಲ್ಲಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವೇ ಗತಿ. 2019ರಲ್ಲಿ ಇವು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. 2020ರ ಮಕ್ಕಳ ದಿನದಂದು ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಈಗ 'ಅರಿವು ಕೇಂದ್ರ' ಎಂದು ಹೆಸರು. ಹಲವು ಕಡೆ ಕಂಪ್ಯೂಟರಿದೆ, ಇಂಟರ್ನೆಟ್ ಇದೆ. ಯುವಿಕಾದ ರಸಪ್ರಶ್ನೆಗೆ ಅಷ್ಟು ಸಾಕು.

ಇಷ್ಟೆಲ್ಲ ಮಾಡಿ ಏನು ಬಂತು, ಸೀಟು ಸಿಗುವುದು ಅಂಕದಿಂದಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಅಮೆರಿಕದ ಹಲವು ಕಾಲೇಜುಗಳು ಪ್ರವೇಶ ಕೊಡುವಾಗ ಮಗು ತರಗತಿಯ ಹೊರಗೆ ಏನು ಮಾಡಿದೆ ಎಂದು ನೋಡುತ್ತವೆ, ನಮ್ಮಲ್ಲಿ ಹಾಗಿಲ್ಲ ಎಂಬುದು ಬಹುಮಟ್ಟಿಗೆ ನಿಜ. ಆದರೂ ನಮ್ಮ ಸಿಇಟಿಯಲ್ಲೇ ಕ್ರೀಡೆ, ಎನ್‌ಸಿಸಿ, ಸ್ಕೌಟ್ಸ್–ಗೈಡ್ಸ್‌ನವರಿಗೆ ವಿಶೇಷ ವರ್ಗದ ಸೀಟುಗಳಿವೆ. ಅವುಗಳಿಗೆ ಬೇಕಾದ ತಯಾರಿ ಪ್ರೌಢಶಾಲೆಯಲ್ಲೇ ಶುರುವಾಗಬೇಕು. ರಾಷ್ಟ್ರಪತಿ ಪುರಸ್ಕಾರವನ್ನು ಪಿಯುಸಿ ಮುಗಿದ ಮೇಲೆ ಹುಡುಕಿಕೊಂಡು ಹೋಗಲು ಬರುವುದಿಲ್ಲ.

ಹತ್ತನೆಯ ತರಗತಿ ಬಂತೆಂದರೆ ಎಲ್ಲದಕ್ಕೂ ಬಾಗಿಲು ಹಾಕಿದಂತೆ. ವಿಶೇಷ ತರಗತಿ, ಸರಣಿ ಪರೀಕ್ಷೆ, ಜೊತೆಗೆ ಡಿಸೆಂಬರ್–ಜನವರಿಯಲ್ಲಿ ಮನೆಯಲ್ಲಿ ತೊಗರಿ ರಾಶಿ. ಹಾಗಾಗಿ ಎಂಟು, ಒಂಬತ್ತು ಎರಡೇ ವರ್ಷ ಕೈಯಲ್ಲಿರುವುದು ಎಂದು ಮಕ್ಕಳೂ ನಂಬಿರುತ್ತಾರೆ. ಯುವಿಕಾದ ಮಟ್ಟಿಗೆ ಅದು ಸರಿ. ಮಕ್ಕಳ ವಿಜ್ಞಾನ ಸಮಾವೇಶಕ್ಕೆ 17ರ ವಯಸ್ಸಿನವರೆಗೂ ಅವಕಾಶವಿದೆ, ಇನ್‌ಸ್ಪೈರ್ ಯೋಜನೆಯನ್ನು 2024ರಲ್ಲಿ ಪಿಯುಸಿಗೂ ಚಾಚಿದ್ದಾರೆ. ಎಸ್ಸೆಸ್ಸೆಲ್ಸಿ ಮುಗಿಸಿ ಆಳಂದದ ಕಾಲೇಜಿಗೆ ಬಸ್ಸು ಹತ್ತುವವರು ಒಂಬತ್ತರಲ್ಲಿ ಅರ್ಧಕ್ಕೆ ಬಿಟ್ಟ ನೆಟೆ ರೋಗದ ಲೆಕ್ಕದ ಪುಸ್ತಕವನ್ನು ರದ್ದಿಗೆ ಹಾಕಬೇಕಾಗಿಲ್ಲ. ಮತ್ತೆ ಎಣಿಕೆ ಶುರು ಮಾಡಿದರೆ ಅದರಲ್ಲಿ ಒಂದಲ್ಲ, ಎರಡು ಹಂಗಾಮಿನ ಅಂಕಿಗಳಿರುತ್ತವೆ.